ಹೊಸಬರಿಗೂ ಒಂದು ಎಲೆ ಹಾಕಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರಿನ ಕಥೋಲಿಕರಿಗೆ ಅಂದೇ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸಿದ ಮೇಲೆ, ಚರ್ಚ್‌ನಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಬರುತ್ತದೆ. ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ದೂರದೂರಿನಲ್ಲಿರುವ ಮಕ್ಕಳಿಗೂ ತೆನೆ ಕಳಿಸುವುದುಂಟು.

ಆದರೆ ಗಂಡನಿಗೆ ವರ್ಗವಾಗಿ ನಿಮ್ಮ ಪಕ್ಕದ ಬೀದಿಗೇ ಬಂದಿರುವಾಕೆ? ಭಾನುವಾರ ಪೂಜೆಗೆ ಬರ್ತಾಳೆ, ಕೊನೆಯ ಬೆಂಚಿನಲ್ಲಿ ಕೂತು, ಯಾರೂ ಮಾತಾಡಿಸದೆ ಮನೆಗೆ ಹೋಗ್ತಾಳೆ. ಅವಳ ಪಾಲಿನ ತೆನೆ ಯಾರ ಮನೆಯದು?

ಕಾಣಿಕೆ ಹಾಕಿದರಷ್ಟೇ ಕೊಟ್ಟಂತಾಗಲಿಲ್ಲ, ಅಲ್ವಾ? ಪೂಜೆ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ, ಹೆಸರು ಕೇಳಿ. ವಾರ್ಡಿನ ಗುರ್ಕಾರರಿಗೆ ಪರಿಚಯಿಸಿ. ಮಕ್ಕಳ ಹೂಬುಟ್ಟಿ ಸಿದ್ಧಮಾಡಲು ಕರೆಯಿರಿ. ಕೈಗೊಂದು ಕೆಲಸ ಸಿಕ್ಕರೆ ಸಂಕೋಚ ತಾನಾಗೇ ಹೋಗುತ್ತೆ. ಹಬ್ಬದ ಸಸ್ಯಾಹಾರಿ ಊಟಕ್ಕೆ ಅವರ ಮನೆಯವರಿಗೂ ಎಲೆ ಹಾಕಿ.