ಮೆತ್ತನೆ ಚರ್ಮ, ತೊಡೆಗೆ ಹೊಲಿಗೆ!

ಚರ್ಮದ ಅಂಗಡಿಗೆ ಹೋದರೆ ನಮ್ಮ ಕೈ ಮೊದಲು ಎತ್ತ ಹೋಗುತ್ತೆ, ಹೇಳಿ? ಮೆತ್ತಗೆ, ನುಣ್ಣಗೆ, ಫಳಫಳ ಅನ್ನೋ ತುಂಡಿನ ಕಡೆಗೆ. ನನ್ನ ಕೈಯೂ ಅಲ್ಲಿಗೇ ಹೋಯ್ತು. ತೋಟದ ಚಾಕು ಇಟ್ಟುಕೊಳ್ಳಲು ಬೆಲ್ಟಿಗೆ ಸಿಕ್ಕಿಸುವ ಒರೆಯೊಂದನ್ನು ಮನೆಯಲ್ಲೇ ಹೊಲಿಯೋಣ ಅಂತ ಹುಮ್ಮಸ್ಸು. ಕೈಚೀಲಕ್ಕೆ ಹಾಕುವಂಥ ಚರ್ಮ ತಂದೆ, ಹೊಲಿದೆ, ನಾಲ್ಕು ಜನರಿಗೆ ತೋರಿಸಿ ಬೀಗಿದ್ದೂ ಆಯ್ತು.

ಐದನೇ ದಿನ ತೋಟದಲ್ಲಿ ಬಗ್ಗಿದೆ. ಒರೆ ಮಡಚಿಕೊಂಡಿತು. ಮೊನೆ ಚರ್ಮ ತೂರಿ ತೊಡೆಗೆ ನಾಟಿತು. ಮೂರು ಹೊಲಿಗೆ! ಒರೆಗಲ್ಲ ಸ್ವಾಮಿ, ತೊಡೆಗೆ.

ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. ಕುಂಟುತ್ತಾ ಹೋಗಿ ಒರೆ ತೋರಿಸಿದೆ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನಕ್ಕರು. "ಇದು ಬ್ಯಾಗಿನ ಚರ್ಮ ಕಣ್ರೀ. ಚಾಕುಗೆ ಬೇಕಾದ್ದು ಅಟ್ಟೆ ಚರ್ಮ" ಅಂದರು.

ಹದ ಎರಡು ಬಗೆ

ಒಂದು, ಕ್ರೋಮ್ ಹದ. ರಾಸಾಯನಿಕ ಹಾಕಿದರೆ ಒಂದೆರಡು ದಿನದಲ್ಲಿ ಕೆಲಸ ಮುಗೀತು. ಮೆತ್ತಗಿರುತ್ತೆ, ನೀರಿಗೆ ಅಷ್ಟಾಗಿ ಹೆದರೋದಿಲ್ಲ. ಇವತ್ತು ಪೇಟೆಯಲ್ಲಿ ಸಿಗುವ ಚರ್ಮದಲ್ಲಿ ದೊಡ್ಡ ಪಾಲು ಇದೇ. ಚೀಲಕ್ಕೆ, ಪರ್ಸಿಗೆ ಬೇಷ್.

ಇನ್ನೊಂದು, ತೊಗಟೆ ಹದ. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಇವುಗಳ ಒಗರಿನಲ್ಲಿ ವಾರಗಟ್ಟಲೆ ನೆನೆಯಬೇಕು. ಬಿಗಿಯಾಗಿ, ಗಟ್ಟಿಯಾಗಿ ಬರುತ್ತೆ. ಅಥಣಿ ಕಡೆಯ ಕೊಲ್ಲಾಪುರಿ ಚಪ್ಪಲಿಯ ಅಟ್ಟೆ ಇದೇ ಜಾತಿ. ನೀರಲ್ಲಿ ನೆನೆಸಿ ಒತ್ತಿದ ಆಕಾರದಲ್ಲೇ ಒಣಗಿ ನಿಲ್ಲೋದು ಇದರ ದೊಡ್ಡ ಗುಣ. ಒರೆಗೆ ಬೇಕಾದ್ದೂ ಅದೇ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಅಂಗಡಿಯವರು ಏನೇ ಹೇಳಲಿ, ಮೊದಲು ಕತ್ತರಿಸಿದ ಅಂಚು ನೋಡಿ. ನಡುವೆ ನೀಲಿ ಬೂದು ಕಂಡರೆ ಕ್ರೋಮ್. ಉದ್ದಕ್ಕೂ ಕಂದು ಇದ್ದರೆ ತೊಗಟೆ ಹದ ಇರಬೇಕು. ಬಣ್ಣ ಹಾಕದ ಮೂಲೆಗೆ ಒಂದು ಹನಿ ನೀರು ಬಿಡಿ. ಹೀರಿಕೊಂಡು ಕಪ್ಪಾಗಿ, ಉಗುರೊತ್ತಿದರೆ ಗುರುತು ನಿಂತರೆ ಕಣ್ಮುಚ್ಚಿ ತಗೊಳ್ಳಿ.

ದಪ್ಪ 3ರಿಂದ 3.5 ಮಿಲಿಮೀಟರ್ ಇರಲಿ. ಬೆನ್ನಿನ ಭಾಗವನ್ನೇ ಕೇಳಿ. ಹೊಟ್ಟೆ ಭಾಗ ಅಗ್ಗಕ್ಕೆ ಸಿಗುತ್ತೆ, ಆದರೆ ಹಿಗ್ಗುತ್ತೆ. ಚರ್ಮ ಚದರಡಿ ಲೆಕ್ಕದ ವ್ಯಾಪಾರ. ಚಾಕುವಿನ ಒರೆಗೆ ಇಡೀ ತೊಗಲು ಯಾಕೆ? ಚಪ್ಪಲಿ ಕೆಲಸದವರ ಹತ್ತಿರ ತುಂಡು ಕೇಳಿ ನೋಡಿ.

ಹೊಲಿಯುವಾಗ ಒಂದು ಎಚ್ಚರಿಕೆ. ಅಂಚಿನ ಎರಡು ಪದರದ ನಡುವೆ ಚರ್ಮದ್ದೇ ಒಂದು ಪಟ್ಟಿ ಸೇರಿಸಿ. ಇಲ್ಲದಿದ್ದರೆ ಅಲಗು ದಿನಾ ನೂಲನ್ನೇ ಕುಯ್ಯುತ್ತೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ ಸುತ್ತಿದ ಚಾಕು ಒಳಗಿಟ್ಟು ಒತ್ತಿ ಆಕಾರ ಕೊಡಿ. ನೆರಳಲ್ಲೇ ಒಣಗಿಸಿ. ಅವಸರ ಅಂತ ಒಲೆ ಮುಂದೆ ಇಟ್ಟರೆ ಮುರುಟಿ ಬಿರುಕು ಬಿಡುತ್ತೆ.

ರಿವಾಲ್ವರ್ ಇದ್ದವರಿಗೆ

ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಂಡ ಸಾಹುಕಾರರಿಗೆ ಈ ಮಾತು ಇನ್ನೂ ಬಿಗಿ. ಅವರ ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಬಾಯಿ ತೆರೆದೇ ನಿಲ್ಲಬೇಕು. ಮೆತ್ತನೆ ಚರ್ಮದ ಬಾಯಿ ಕುಸಿಯುತ್ತೆ. ವಾಪಸ್ ಇಡುವಾಗ ಆ ಮಡಿಕೆಯೇ ಟ್ರಿಗರಿಗೆ ಸಿಕ್ಕಿಕೊಂಡರೆ? ಗುಂಡು ಹಾರಲು ಬೆರಳೇ ಬೇಕಂತೇನಿಲ್ಲ! ನನ್ನದು ಮೂರು ಹೊಲಿಗೆಗೆ ಮುಗೀತು. ಅವರದು ಅಷ್ಟಕ್ಕೇ ಮುಗಿಯೋದಿಲ್ಲ.

ಚಾಕುವಾಗಲಿ, ರಿವಾಲ್ವರಾಗಲಿ, ಒರೆಯಲ್ಲೇ ಇಟ್ಟು ತಿಂಗಳುಗಟ್ಟಲೆ ಮರೆಯಬೇಡಿ. ಚರ್ಮ ಮಳೆಗಾಲದ ತೇವ ಹಿಡಿದಿಡುತ್ತೆ, ಕಬ್ಬಿಣಕ್ಕೆ ತುಕ್ಕು ಗ್ಯಾರಂಟಿ. ಸೊಂಟದಲ್ಲಿದ್ದಾಗ ಒರೆ, ಮನೆಗೆ ಬಂದ ಮೇಲೆ ಒರೆಸಿ ಬೇರೆ ಕಡೆ.

ಹಿರಿಯರು ಕೊಟ್ಟ ಅಟ್ಟೆ ತುಂಡಿನಲ್ಲಿ ಹೊಸ ಒರೆ ಹೊಲಿದಿದ್ದೇನೆ. ನೋಡಲು ಒರಟು, ಬಗ್ಗಿದರೆ ಅಲ್ಲಾಡೋದಿಲ್ಲ. ಆ ಫಳಫಳ ಒರೆ ಏನಾಯ್ತು ಅಂತೀರಾ? ಅದರಲ್ಲೀಗ ಕನ್ನಡಕ ಮಲಗಿದೆ. ಪಾಪ, ಅದು ಹುಟ್ಟಿದ್ದೇ ಅದಕ್ಕೆ.