ಬೀಗಲ್ ಹೊತ್ತೊಯ್ದ ಗಡಿಯಾರಗಳು

‘ಡಾರ್ವಿನ್‌ಗೋಸ್ಕರ ಬ್ರಿಟಿಷ್ ಸರ್ಕಾರ ಬೀಗಲ್ ಹಡಗನ್ನೇ ಕೊಟ್ಟು ಕಳಿಸಿತಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಅಲ್ಲ. ಈ ಕಥೆಯನ್ನು ವಿಜ್ಞಾನ ಮೇಷ್ಟರುಗಳ ಬಾಯಲ್ಲೂ ಕೇಳಿ ರೇಗಿದ್ದೇನೆ. 22ರ ಹುಡುಗ ಡಾರ್ವಿನ್ ಹಡಗು ಹತ್ತಿದ್ದು ಕಪ್ತಾನ ಫಿಟ್ಜ್‌ರಾಯ್‌ಗೆ ಮಾತಿನ ಜೊತೆಗಾರನಾಗಿ. ಊಟದ ಖರ್ಚೂ ಅವನದೇ!

1820ರಲ್ಲಿ ವೂಲಿಚ್‌ನಲ್ಲಿ ನೀರಿಗಿಳಿದ ಬೀಗಲ್ 90 ಅಡಿ ಉದ್ದದ, 10 ತೋಪುಗಳ ಪುಟ್ಟ ಯುದ್ಧನೌಕೆ. ಇದೇ ನಮೂನೆಯ ಹಡಗುಗಳನ್ನು ನಾವಿಕರು ‘ಶವಪೆಟ್ಟಿಗೆ’ ಎನ್ನುತ್ತಿದ್ದರು; ಅಷ್ಟು ಮುಳುಗುತ್ತಿದ್ದವು. ಯುದ್ಧವಿಲ್ಲದ ಕಾಲ. ಐದು ವರ್ಷ ಸುಮ್ಮನೆ ನಿಂತ ಬೀಗಲ್‌ಗೆ ಮೂರನೇ ಹಾಯಿಕಂಬ ನೆಟ್ಟು, 1826ರಲ್ಲಿ ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ಮಾಡಲು ಅಟ್ಟಿದರು.

1831ರ ಡಿಸೆಂಬರ್ 27ರಂದು ಹೊರಟ ಎರಡನೇ ಯಾನದ ನಿಜವಾದ ನಾಯಕರು 22 ಕ್ರೊನೊಮೀಟರುಗಳು, ಅಂದರೆ ಹಡಗಿನ ನಿಖರ ಗಡಿಯಾರಗಳು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಷ್ಟೆ. ಊರಿನ ಸಮಯ ಕೈಯಲ್ಲಿದ್ದರೆ, ಅದನ್ನು ನಿಂತಲ್ಲಿಯ ಸಮಯದೊಂದಿಗೆ ಹೋಲಿಸಿ ಅಲ್ಲಿಯ ರೇಖಾಂಶ ತಿಳಿಯಬಹುದು. ಆದರೆ ಗಡಿಯಾರ ನಂಬಿಕಸ್ಥನಾಗಿರಬೇಕು. ಹಾಗಾಗಿ ಅವನ್ನು ಹಡಗಿನ ಓಲಾಟ ತೀರ ಕಡಿಮೆಯಿರುವ ಪುಟ್ಟ ಕೋಣೆಯಲ್ಲಿ, ಮರದ ಹೊಟ್ಟಿನ ಹಾಸಿಗೆಯ ಮೇಲೆ ಕೂರಿಸಿದ್ದರು, ಬಾಣಂತಿಯ ಕೋಣೆಯಲ್ಲಿ ಹಸುಗೂಸನ್ನು ಮಲಗಿಸಿದಂತೆ. ಕೀಲಿ ಕೊಡಲು, ರಿಪೇರಿಗೆ ಸ್ಟೆಬಿಂಗ್ ಎಂಬ ಉಪಕರಣ ತಯಾರಕನೇ ಜೊತೆಗಿದ್ದ. ಅವನ ಸಂಬಳ ಫಿಟ್ಜ್‌ರಾಯ್ ಜೇಬಿನಿಂದ. 22ರಲ್ಲಿ 6 ಗಡಿಯಾರಗಳೂ ಕಪ್ತಾನನವೇ.

ಐದು ವರ್ಷ ಭೂಮಿ ಸುತ್ತಿ 1836ರ ಅಕ್ಟೋಬರ್‌ನಲ್ಲಿ ಮರಳಿದಾಗ ಅರ್ಧದಷ್ಟು ಗಡಿಯಾರಗಳು ಇನ್ನೂ ಸರಿಯಾಗಿ ನಡೆಯುತ್ತಿದ್ದವು. ನನಗೆ ರೋಮಾಂಚನವಾಗುವುದು ಇಲ್ಲಿ: ದಾರಿಯುದ್ದಕ್ಕೂ ಅಳೆದ ಸಮಯದ ಅಂತರಗಳನ್ನೆಲ್ಲ ಕೂಡಿದರೆ ಸರಿಯಾಗಿ 24 ಗಂಟೆ ಬರಬೇಕು. ಬಂದದ್ದು 24 ಗಂಟೆ, ಮೇಲೆ 33 ಸೆಕೆಂಡು! ಸಮಭಾಜಕದ 40,000 ಕಿಲೋಮೀಟರಿನಲ್ಲಿ ಸುಮಾರು 15 ಕಿಲೋಮೀಟರಿನ ತಪ್ಪು. ಫಿಟ್ಜ್‌ರಾಯ್ ಅದನ್ನು ಮುಚ್ಚಿಡಲಿಲ್ಲ, ಎಲ್ಲೋ ದೋಷವಿದೆ ಎಂದು ಅಚ್ಚುಹಾಕಿಸಿಯೇ ಒಪ್ಪಿಕೊಂಡ. ಕೊನೆಯುಸಿರಿನ ತನಕ ಡಾರ್ವಿನ್ನನ ವಿಕಾಸವಾದಕ್ಕೆ ಬೆನ್ನು ತಿರುಗಿಸಿದ ಮನುಷ್ಯ, ಅಳತೆಯ ವಿಷಯದಲ್ಲಿ ಇಷ್ಟು ಪ್ರಾಮಾಣಿಕ.

ಬೀಗಲ್‌ನ ಮೂರನೇ ಯಾನ ಆಸ್ಟ್ರೇಲಿಯಾಕ್ಕೆ. ಆಮೇಲೆ ಎಸೆಕ್ಸ್‌ನ ಕೆಸರಿನ ಹೊಳೆಯಲ್ಲಿ ಕಳ್ಳಸಾಗಣೆದಾರರನ್ನು ಕಾಯುವ ಕೆಲಸ. ಹೆಸರೂ ಹೋಗಿ ಬರೀ 7ನೇ ನಂಬರಾಯಿತು. 1870ರಲ್ಲಿ 525 ಪೌಂಡಿಗೆ ಗುಜರಿಗೆ ಮಾರಿದರು. ಆ ಗಡಿಯಾರಗಳಲ್ಲೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅತ್ತ ಹೋದವರು ತಪ್ಪದೆ ನೋಡಿ.