ಗೌಡರಿಗೆ ಎಷ್ಟನೇ ಸ್ಥಾನ?

ದೇಶ ಕಂಡ ಅತ್ಯುತ್ತಮ ಪ್ರಧಾನಿ ಯಾರು? 'ಇಂಡಿಯಾ ಟುಡೆ' ಪತ್ರಿಕೆಯ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ನೆಹರೂ, ಇಂದಿರಾ ಗಾಂಧಿ, ವಾಜಪೇಯಿ, ಮನಮೋಹನ್ ಸಿಂಗ್, ಮೋದಿ ಅವರ ಹೆಸರುಗಳೇ ಉತ್ತರಗಳಲ್ಲಿ ಮುಂದೆ. ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ಎಚ್.ಡಿ. ದೇವೇಗೌಡರನ್ನು ಆ ಸಾಲಿನಲ್ಲಿ ಹುಡುಕುವ ಹಾಸನದ ಓದುಗ, 'ದಿಲ್ಲಿಯವರಿಗೆ ನಮ್ಮೋರು ಎಲ್ಲಿ ಕಾಣ್ತಾರೆ ಬಿಡಿ' ಎಂದು ಪತ್ರಿಕೆ ಮಡಚಿಟ್ಟರೆ ಆಶ್ಚರ್ಯವಿಲ್ಲ.

ಸಿಟ್ಟು ಸಹಜವೇ. ಆದರೆ ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ, ದೇಶದ್ದು 121 ಕೋಟಿ. ದೇಶದಾದ್ಯಂತ ಒಂದು ಸಾವಿರ ಜನರನ್ನು ಜನಸಂಖ್ಯೆಗೆ ತಕ್ಕಂತೆ ಆರಿಸಿದರೆ ಹಾಸನದ ಪಾಲಿಗೆ ಬರುವವರು ಒಬ್ಬರೋ ಇಬ್ಬರೋ. ಹತ್ತು ಸಾವಿರ ಜನರನ್ನು ಕೇಳಿದರೂ ಹದಿನೈದು ಮಂದಿ. ಸಾವಿರ ಜನರ ಸಮೀಕ್ಷೆಯಲ್ಲಿ ಶೇ 3ರಷ್ಟು ಹೆಚ್ಚು ಕಡಿಮೆ ಆಗುವುದು ಮಾಮೂಲು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಒಕ್ಕೊರಲಿನಿಂದ ಗೌಡರ ಹೆಸರು ಹೇಳಿದರೂ ಆ ಕೂಗು ಈ ಮೂರು ಅಂಶಗಳೊಳಗೇ ಕರಗಿಹೋಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ಇಂಥ ಪ್ರಶ್ನೆಗೆ ಒಬ್ಬರು ಒಂದೇ ಹೆಸರು ಹೇಳಬೇಕು. ದೇಶದ ಪ್ರತಿಯೊಬ್ಬರೂ ಗೌಡರನ್ನು ಎರಡನೆಯವರೆಂದು ಭಾವಿಸಿದ್ದರೂ ಅವರಿಗೆ ಸಿಗುವುದು ಸೊನ್ನೆ!

ಈ ಆಟ ಬಹಳ ಹಿಂದಿನಿಂದ ನಡೆದಿರುವುದು ಅಮೆರಿಕದಲ್ಲಿ. ಅತಿ ಶ್ರೇಷ್ಠ ಅಧ್ಯಕ್ಷ ಯಾರೆಂದು 2011ರಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ ರೇಗನ್‌ಗೆ ಶೇ 19, ಲಿಂಕನ್‌ಗೆ 14, ಕ್ಲಿಂಟನ್‌ಗೆ 13, ವಾಷಿಂಗ್ಟನ್‌ಗೆ 10 ಬಂತು. 'ರೇಗನ್ ಸರ್ವಶ್ರೇಷ್ಠ' ಎನ್ನುವವರು, ನೂರಕ್ಕೆ 81 ಮಂದಿ ಅವರ ಹೆಸರು ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ಲಿಂಕನ್ ಮತ್ತು ಕ್ಲಿಂಟನ್ ನಡುವಿನ ಒಂದು ಅಂಶ ಅಂತರವೇ ಅಲ್ಲ. ರಾಷ್ಟ್ರಪಿತ ವಾಷಿಂಗ್ಟನ್‌ಗಿಂತ ಕ್ಲಿಂಟನ್ ಮುಂದಿದ್ದಾರೆಂದರೆ ಅದು ನೆನಪಿನ ಕೆಲಸ. ಕಣ್ಣಾರೆ ಕಂಡವರ ಹೆಸರು ಬಾಯಿಗೆ ಬೇಗ ಬರುತ್ತದೆ. ಗೌಡರು ಪ್ರಧಾನಿಯಾದ ವರ್ಷ ಹುಟ್ಟಿದವರಿಗೆ ಈಗ ಮೂವತ್ತರ ಆಸುಪಾಸು.

ಇತಿಹಾಸಕಾರರ ಪಟ್ಟಿಯ ದಾರಿಯೇ ಬೇರೆ. 1948ರಲ್ಲಿ ಆರ್ಥರ್ ಶ್ಲೆಸಿಂಜರ್ 55 ವಿದ್ವಾಂಸರನ್ನು ಕೇಳಿ ಮೊದಲ ಪಟ್ಟಿ ಮಾಡಿದರು. ಲಿಂಕನ್‌ಗೆ ಅಗ್ರಸ್ಥಾನ. ತಿಂಗಳಲ್ಲೇ ತೀರಿಕೊಂಡ ಹ್ಯಾರಿಸನ್, ಆರೇಳು ತಿಂಗಳಷ್ಟೇ ಇದ್ದ ಗಾರ್‌ಫೀಲ್ಡ್ ಅವರನ್ನು ಪಟ್ಟಿಯಿಂದಲೇ ಕೈಬಿಟ್ಟಿದ್ದರು. ಅಳೆಯುವಷ್ಟು ಆಡಳಿತವೇ ಇಲ್ಲದವರನ್ನು ಕೊನೆಯ ಸ್ಥಾನಕ್ಕೆ ತಳ್ಳುವುದು ಅನ್ಯಾಯವೆಂಬ ವಿವೇಕ ಇಲ್ಲಿ ಕಾಣುತ್ತದೆ. ನಮ್ಮ ಪಟ್ಟಿಗಳಲ್ಲಿ ಚರಣ್ ಸಿಂಗ್, ಚಂದ್ರಶೇಖರ್, ಗುಜ್ರಾಲ್, ಗೌಡರನ್ನು ನೆಹರೂ ಅವರ 17 ವರ್ಷಗಳ ಪಕ್ಕದಲ್ಲಿಡುವಾಗ ಇದನ್ನು ನೆನೆಯಬೇಕು.

ಗೌಡರ ಅವಧಿ 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ, ಹತ್ತೂವರೆ ತಿಂಗಳು. ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ ನಿಂತ ಸಂಯುಕ್ತ ರಂಗ ಸರ್ಕಾರ. ಅಷ್ಟರಲ್ಲೇ ಬಾಂಗ್ಲಾದೇಶದೊಡನೆ ಗಂಗಾ ನೀರು ಹಂಚಿಕೆಯ 30 ವರ್ಷದ ಒಪ್ಪಂದವಾಯಿತು. ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. ಅಸ್ಸಾಮಿನ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಅವರು ಅಡಿಗಲ್ಲು ಹಾಕಿದರೆ, 2018ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದವರು ಮೋದಿ. ಅವರ ಕಾಲದಲ್ಲಿ ಮಂಜೂರಾದ ಹಾಸನ–ಬೆಂಗಳೂರು ಹೊಸ ರೈಲುಮಾರ್ಗದಲ್ಲಿ ಚನ್ನರಾಯಪಟ್ಟಣದವರು ರಾಜಧಾನಿಗೆ ರೈಲು ಹತ್ತಿದ್ದು 2017ರಲ್ಲಿ. ಇಂಥ ಕೆಲಸ ಯಾರ ಖಾತೆಗೆ? ಒಂದೇ ಹೆಸರು ಕೇಳುವ ಸಮೀಕ್ಷೆಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ.

ಅಭಿಪ್ರಾಯ ಬದಲಾಗುವುದೂ ಉಂಟು. 1952ರಲ್ಲಿ ಅಮೆರಿಕದ ಟ್ರೂಮನ್ ಅವರನ್ನು ಮೆಚ್ಚಿದವರು ಬರೀ ಶೇ 22. ಹತ್ತೇ ವರ್ಷದಲ್ಲಿ ಇತಿಹಾಸಕಾರರು ಅವರನ್ನು ಶ್ರೇಷ್ಠರಿಗೆ ಸಮೀಪದವರ ಸಾಲಿನಲ್ಲಿ ಕೂರಿಸಿದರು.

ದಿಲ್ಲಿಯನ್ನು ದೂರುವ ಮುನ್ನ ನಮ್ಮ ಜಿಲ್ಲೆಯನ್ನೂ ನೋಡಿಕೊಳ್ಳಬೇಕು. ಹೊಳೆನರಸೀಪುರ 1962ರಿಂದ ಸತತವಾಗಿ ಗೆಲ್ಲಿಸಿದ್ದ ಗೌಡರನ್ನು 1989ರಲ್ಲಿ ಸೋಲಿಸಿತು. ಮಾಜಿ ಪ್ರಧಾನಿಯನ್ನು 1998ರಲ್ಲಿ ಲೋಕಸಭೆಗೆ ಕಳಿಸಿದ ಹಾಸನವೇ ಮರುವರ್ಷ ಜಿ. ಪುಟ್ಟಸ್ವಾಮಿಗೌಡರನ್ನು ಆರಿಸಿತು, 2004ರಲ್ಲಿ ಮತ್ತೆ ಗೌಡರನ್ನೇ ಕರೆಯಿತು. ಆ ಹತ್ತೂವರೆ ತಿಂಗಳ ಆಡಳಿತದಲ್ಲಿ ಈ ನಡುವೆ ಒಂದು ದಿನವೂ ಸೇರಿರಲಿಲ್ಲ, ಕಳೆದಿರಲಿಲ್ಲ.